ಮೊದಲ ಹನಿ ಒರೆಸಿಬಿಡಿ: ಲ್ಯಾಬ್‌ಗೂ ಸರ್ವೇಗೂ ಸ್ಯಾಂಪಲ್ ತಗೊಳ್ಳೋ ಬಗೆ

ಒಂದ್ ಸೋಮವಾರ ಬೆಳಿಗ್ಗೆ ನಮ್ಮ ಲ್ಯಾಬ್ ಕೌಂಟರ್‌ಗೆ ಒಬ್ಬ ಹುಡುಗ ಅವರಮ್ಮನ ಯೂರಿನ್ ತಂದ. ಚಿಕ್ಕ ಗಾಜಿನ ಬಾಟ್ಲಿ, ಮುಚ್ಚಳ ಬಿಗಿಯಾಗಿದೆ, ಮೇಲೆ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಬೇರೆ ಹಾಕಿದಾನೆ, ಇಷ್ಟು ನೀಟಾಗಿ ತರೋರು ಕಡಿಮೆ ಅಂತ ಮನಸ್ಸಲ್ಲೇ ಮೆಚ್ಕೊಂಡೆ. ಸ್ಟ್ರಿಪ್ ಅದ್ದಿದ್ರೆ ಶುಗರ್ ಪ್ಯಾಡ್ ಕಂದು ಬಣ್ಣಕ್ಕೆ ತಿರುಗ್ತು. ಆದ್ರೆ ಆಯಮ್ಮಂದೇ ರಕ್ತದ ಶುಗರ್ ಆಗಲೇ ಬಂದಿತ್ತು, 92. ಬಾಟ್ಲಿ ಎತ್ತಿ ಬೆಳಕಿಗೆ ಹಿಡಿದ್ರೆ ಕತ್ತಿನ ಹತ್ರ ಅಂಟು ಅಂಟು. "ಇದ್ರಲ್ಲಿ ಮುಂಚೆ ಏನಿತ್ತಪ್ಪ?" ಅಂದೆ. "ಜೇನುತುಪ್ಪ ಮೇಡಂ, ಎರಡ್ ಸಲ ತೊಳ್ದಿದೀನಿ" ಅಂದ.

ಸ್ಟ್ರಿಪ್ ತಪ್ಪು ಹೇಳ್ಲಿಲ್ಲ ನೋಡಿ. ಬಾಟ್ಲೀಲಿ ಗ್ಲೂಕೋಸ್ ಇತ್ತು, ಇದೆ ಅಂತ ಹೇಳ್ತು, ಅದು ಅಮ್ಮನ ಹೊಟ್ಟೆಯಿಂದ ಬಂತೋ ಜೇನುಗೂಡಿಂದ ಬಂತೋ ಅಂತ ಕೇಳೋದು ಅದರ ಕೆಲಸ ಅಲ್ಲ. ಹದಿನಾಲ್ಕು ವರ್ಷದಿಂದ ಈ ಕೆಲಸ ಮಾಡ್ತಿದೀನಿ, ಮಧ್ಯ ಮಧ್ಯ ಹಳ್ಳಿ ಸರ್ವೇಗೂ ಓಡಾಡಿದೀನಿ, ನಾನು ಕಂಡಂಗೆ ರಿಪೋರ್ಟ್ ಕೆಡೋದು ಮಷೀನ್ ಒಳಗಡೆ ಕಮ್ಮಿ, ಅದಕ್ಕಿಂತ ಮುಂಚೆ ಕೆಡೋದೇ ಜಾಸ್ತಿ, ಬಚ್ಚಲಲ್ಲಿ, ತೋಳಿಗೆ ಕಟ್ಟೋ ಪಟ್ಟೀಲಿ, ಬೀಗ ಹಾಕಿರೋ ಮನೆ ಮುಂದೆ. ಅದಕ್ಕೇ ಇದನ್ನ ಬರೀತಿರೋದು. ಮನೇಲಿ ಟೆಸ್ಟ್ ಮಾಡಿಸ್ಕೊಳ್ಳೋರಿಗೂ ಆಗುತ್ತೆ, ನರ್ಸಿಂಗ್, ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ) ಹುಡುಗ್ರಿಗೂ ಆಗುತ್ತೆ, ಪ್ರಾಜೆಕ್ಟ್ ಅಂತ ಮನೆಮನೆಗೆ ಫಾರಂ ಹಿಡ್ಕೊಂಡು ಹೋಗೋ ಮಕ್ಕಳಿಗೂ ಆಗುತ್ತೆ.

ಯೂರಿನ್

ಬಾಟ್ಲಿ ಲ್ಯಾಬಿಂದಾನೇ ಇಸ್ಕೊಳ್ಳಿ, ಇದ್ರಲ್ಲಿ ಎರಡನೇ ಮಾತಿಲ್ಲ. ಮೊದಲು ಆ ಜಾಗನ ಬರೀ ನೀರಲ್ಲಿ ತೊಳ್ಕೊಳ್ಳಿ, ಹೆಂಗಸರು ಮುಂದಿಂದ ಹಿಂದಕ್ಕೆ, ಸೋಪು ಡೆಟಾಲ್ ಏನೂ ಬೇಡ, ಯಾಕಂದ್ರೆ ಅದು ಒಂದ್ ಚೂರು ಬಾಟ್ಲಿಗೆ ಸೇರಿದ್ರೂ ಕಲ್ಚರ್‌ನಲ್ಲಿ, ಅಂದ್ರೆ ಕ್ರಿಮಿ ಬೆಳೆಸಿ ನೋಡೋ ಟೆಸ್ಟಲ್ಲಿ, ಬೆಳೀಬೇಕಾದ ಕ್ರಿಮಿನೇ ಸತ್ತೋಗುತ್ತೆ. ಆಮೇಲೆ ಶುರುವಿನ ಸ್ವಲ್ಪ ಹೋಗ್ಲಿ, ಅದು ದಾರಿ ತೊಳೆಯೋ ನೀರು ಇದ್ದಂಗೆ, ಮಧ್ಯದ್ದನ್ನ ಬಾಟ್ಲಿಗೆ ಹಿಡೀರಿ, ಕೊನೇದೂ ಬೇಡ. ಕಾಲು ಬಾಟ್ಲಿ ಸಾಕು, ತುಂಬಾ ತುಳುಕೋ ಹಂಗೆ ತಂದು ಕೌಂಟರ್ ಮೇಲೆಲ್ಲಾ ಚೆಲ್ಲೋರನ್ನ ದಿನಾ ನೋಡ್ತೀನಿ. ಬಾಟ್ಲಿ ಒಳಗಡೆಗೆ, ಮುಚ್ಚಳದ ಒಳಮೈಗೆ ಬೆರಳು ತಾಗಿಸ್ಬೇಡಿ, ಮುಚ್ಚಳನ ಬಚ್ಚಲ ಕಟ್ಟೆ ಮೇಲೆ ಬೋರಲು ಹಾಕಿ ಇಡ್ಬೇಡಿ. ಮುಟ್ಟಿನ ದಿನ ಆದ್ರೆ ನಾಕ್ ದಿನ ಬಿಟ್ಟು ಕೊಡಿ, ತೀರಾ ಅರ್ಜೆಂಟ್ ಅಂದ್ರೆ ಆ ವಿಷಯ ಲ್ಯಾಬಲ್ಲಿ ಹೇಳಿಬಿಡಿ, ನಾಚಿಕೆ ಏನಿಲ್ಲ, ಹೇಳ್ದೆ ಹೋದ್ರೆ ಕೆಂಪು ರಕ್ತಕಣ ತುಂಬಾ ಇದೆ ಅಂತ ಬರೀತೀವಿ, ಡಾಕ್ಟ್ರು ಕಿಡ್ನಿ ಕಲ್ಲು ಹುಡುಕ್ತಾ ಕೂರ್ತಾರೆ.

ಕಲ್ಚರ್‌ಗೆ ಅಂದ್ರೆ ಟೈಮ್ ತುಂಬಾ ಮುಖ್ಯ. ಈ ಇ. ಕೋಲಿ ಅನ್ನೋ ಕ್ರಿಮಿಗೆ ಬೆಚ್ಚಗಿನ ಜಾಗ ಸಿಕ್ಕಿದ್ರೆ 20 ನಿಮಿಷಕ್ಕೆ ಒಂದು ಎರಡಾಗುತ್ತೆ. ಲೆಕ್ಕ ಹಾಕಿ, ಒಂದು ಗಂಟೇಲಿ 8, ಎರಡು ಗಂಟೇಲಿ 64, ಮೂರು ಗಂಟೇಲಿ 512. ನಾವು ಸಾಮಾನ್ಯವಾಗಿ ಒಂದು ಎಂ.ಎಲ್‌ಗೆ 1 ಲಕ್ಷ ದಾಟಿದ್ರೆ ಸೋಂಕು ಅಂತೀವಿ, ಈಗ ಬಸ್ಸಲ್ಲಿ ಬಿಸಿಲಲ್ಲಿ ಮೂರು ಗಂಟೆ ಕೂತು ಬಂದ ಬಾಟ್ಲೀಲಿ ಎಂ.ಎಲ್‌ಗೆ ಇನ್ನೂರರಂತೆ ಚರ್ಮದಿಂದ ಬಿದ್ದ ಕ್ರಿಮಿನೇ 1 ಲಕ್ಷ ದಾಟಿರುತ್ತೆ. ಸುಮ್ನೆ ಐದು ದಿನ ಆಂಟಿಬಯೋಟಿಕ್ ನುಂಗ್ಬೇಕಾಗುತ್ತೆ. ಎರಡು ಗಂಟೆ ಒಳಗೆ ತಂದ್ಕೊಡಿ, ಆಗಲ್ಲ ಅಂದ್ರೆ ಫ್ರಿಜ್ಜಲ್ಲಿಡಿ, ಕೆಳಗಡೆ ಇಡಿ, ಫ್ರೀಜರ್‌ನಲ್ಲಿ ಬೇಡ, 24 ಗಂಟೆ ಮೀರ್ಬಾರ್ದು. (ಫ್ರಿಜ್ಜಲ್ಲಿ ಇಡೋಕೆ ಮನೇಲಿ ಒಪ್ಪಲ್ಲ ಅಂತ ಗೊತ್ತು. ಎರಡು ಕವರ್ ಹಾಕಿ ಡಬ್ಬಿ ಒಳಗಿಡಿ, ಯಾರಿಗೂ ಹೇಳ್ಬೇಡಿ.) ಇನ್ನೊಂದು, ಮಾತ್ರೆ ಶುರು ಮಾಡೋ ಮುಂಚೆ ಕೊಡ್ಬೇಕು, ಮೆಡಿಕಲ್‌ನಿಂದ ಎರಡು ಡೋಸ್ ತಂದು ನುಂಗಿ ಕಮ್ಮಿ ಆಗ್ಲಿಲ್ಲ ಅಂತ ಆಮೇಲೆ ಕಲ್ಚರ್‌ಗೆ ಬಂದ್ರೆ ಏನೂ ಬೆಳೆಯಲ್ಲ.

24 ಗಂಟೆ ಯೂರಿನ್ ಅಂತ ಒಂದಿದೆ, ಪ್ರೋಟೀನ್ ನೋಡೋಕೆ ಹೇಳ್ತಾರೆ, ಹತ್ತರಲ್ಲಿ ಏಳು ಜನ ಇದನ್ನ ತಪ್ಪು ಮಾಡ್ತಾರೆ ಅಂತ ನನ್ನ ಅಂದಾಜು. ಕ್ರಮ ಹೀಗೆ. ಬೆಳಿಗ್ಗೆ 6ಕ್ಕೆ ಎದ್ದು ಹೋಗ್ತೀರಲ್ಲ ಅದನ್ನ ಕ್ಯಾನಿಗೆ ಹಾಕ್ಬೇಡಿ, ಟಾಯ್ಲೆಟ್‌ಗೆ ಹೋಗ್ಲಿ, ಯಾಕಂದ್ರೆ ಅದು ನಿನ್ನೆ ರಾತ್ರಿದು. ಆದ್ರೆ ಟೈಮ್ ಬರ್ಕೊಳ್ಳಿ. ಅಲ್ಲಿಂದ ಮುಂದೆ ಪ್ರತಿ ಸಲದ್ದೂ ಕ್ಯಾನಿಗೆ, ಎರಡಕ್ಕೆ ಹೋಗೋ ಮುಂಚಿಂದೂ ಸೇರಿಸಿ, ಮದುವೆ ಮನೇಲಿದ್ರೂ ಸರಿ ಬಸ್ ಸ್ಟ್ಯಾಂಡಲ್ಲಿದ್ರೂ ಸರಿ, ಅದಕ್ಕೇ ಮನೇಲಿರೋ ದಿನ ನೋಡ್ಕೊಂಡು ಶುರು ಮಾಡಿ. ಮಾರನೇ ದಿನ ಬೆಳಿಗ್ಗೆ ಅದೇ 6 ಗಂಟೆದು ಮಾತ್ರ ಕ್ಯಾನಿಗೆ ಸೇರಬೇಕು, ಅಲ್ಲಿಗೆ ಮುಗೀತು. ಮಧ್ಯ ಒಂದು ಸಲ ಮರೆತ್ರೆ ಹೊಸದಾಗಿ ಶುರು ಮಾಡಿ, ನೀರು ಬೆರೆಸಿ ಲೆವೆಲ್ ಸರಿ ಮಾಡೋಕೆ ಹೋಗ್ಬೇಡಿ, ಹಂಗೂ ಮಾಡಿದೋರಿದಾರೆ. ಕ್ಯಾನಿನ ತಳದಲ್ಲಿ ಚೂರು ನೀರಿನಂಗೆ ಏನಾದ್ರೂ ಇದ್ರೆ ಅದನ್ನ ತೊಳೆದು ಚೆಲ್ಬೇಡಿ, ಅದು ಲ್ಯಾಬಿನವ್ರು ಹಾಕಿರೋ ಆಸಿಡ್ಡೋ ಬೇರೆ ಕೆಮಿಕಲ್ಲೋ ಇರುತ್ತೆ, ಕೈಗೂ ತಾಗಿಸ್ಕೋಬೇಡಿ.

ರಕ್ತ

ಖಾಲಿ ಹೊಟ್ಟೆ ಅಂದ್ರೆ ಕನಿಷ್ಠ 8 ಗಂಟೆ, ಕೊಲೆಸ್ಟ್ರಾಲ್‌ಗೆ ಹೇಳಿದ್ರೆ 9ರಿಂದ 12. ನೀರು ಕುಡೀಬಹುದು, ಕುಡೀಲೇಬೇಕು ಅಂತ ನಾನು ಹೇಳ್ತೀನಿ, ನೀರೂ ಮುಟ್ಟದೆ ಏಕಾದಶಿ ಥರ ಬಂದ್ರೆ ನರ ಸಿಗದೆ ನಾಕ್ ಕಡೆ ಚುಚ್ಚಿಸ್ಕೋತೀರಾ. ಆದ್ರೆ "ಬರೀ ಒಂದ್ ಲೋಟ ಕಾಫಿ ಅಷ್ಟೇ ಮೇಡಂ, ಸಕ್ಕರೆ ಇಲ್ದೆ" ಅನ್ನೋದು ನಡೆಯಲ್ಲ, ಅದ್ರಲ್ಲಿ ಹಾಲಿದೆ. ಬೀಡಿ ಸಿಗರೇಟ್ ವಾಕಿಂಗ್ ಕೂಡ ಅವತ್ತು ಟೆಸ್ಟ್ ಆದ್ಮೇಲೆ.

ಊಟ ಆದ್ಮೇಲಿನ ಶುಗರ್‌ಗೆ ಎರಡು ಗಂಟೆ ಅಂತಾರಲ್ಲ, ಅದು ಮೊದಲನೇ ತುತ್ತು ಬಾಯಿಗಿಟ್ಟಾಗಿಂದ, ಕೈ ತೊಳೆದಾಗಿಂದ ಅಲ್ಲ. ಮತ್ತೆ ದಿನಾ ತಿನ್ನೋದನ್ನೇ ತಿನ್ನಿ. ದಿನಾ ಎರಡು ಮುದ್ದೆ ಉಣ್ಣೋರು ಟೆಸ್ಟ್ ಇದೆ ಅಂತ ಒಂದೇ ಇಡ್ಲಿ ತಿಂದು ಬರ್ತಾರೆ, ರಿಪೋರ್ಟ್ ಚೆನ್ನಾಗಿ ಬರುತ್ತೆ, ಡಾಕ್ಟ್ರು ಮಾತ್ರೆ ಬದಲಾಯಿಸಲ್ಲ, ಮೋಸ ಆಗಿದ್ದು ಯಾರಿಗೆ ಅಂತ ನೀವೇ ಹೇಳಿ. ಮೂರು ತಿಂಗಳ ಆವರೇಜ್ ಶುಗರ್ ಇದೆಯಲ್ಲ, ಅದು ಈ ಒಂದು ದಿನದ ಉಪವಾಸಕ್ಕೆಲ್ಲ ಬಗ್ಗಲ್ಲ.

ಥೈರಾಯ್ಡ್ ಮಾತ್ರೆ ತಗೊಳ್ಳೋರು ಅವತ್ತಿನ ಮಾತ್ರೆ ರಕ್ತ ಕೊಟ್ಟ ಮೇಲೆ ನುಂಗಿ. ಕೂದಲಿಗೆ ಉಗುರಿಗೆ ಅಂತ ಬಯೋಟಿನ್ ಮಾತ್ರೆ ತಗೋತಿದ್ರೆ ಬಾಯಿಬಿಟ್ಟು ಹೇಳಿ, ಡಾಕ್ಟ್ರನ್ನ ಕೇಳಿ ಎರಡು ದಿನ ನಿಲ್ಲಿಸಿ, ಕೆಲವು ಮಷೀನ್‌ಗಳು ಟೆಸ್ಟ್ ಮಾಡೋ ವಿಧಾನಕ್ಕೇ ಅದು ಅಡ್ಡ ಬಂದು ಥೈರಾಯ್ಡ್‌ಗೆ ನೋಡೋ ಟಿಎಸ್‌ಎಚ್ ಸುಳ್ಳೇ ಕಮ್ಮಿ ತೋರ್ಸುತ್ತೆ.

ಈಗ ಸೂಜಿ ಹಿಡಿಯೋರಿಗೆ. ಪಟ್ಟಿ ಕಟ್ಟಿದ್ರೆ ಒಂದು ನಿಮಿಷದ ಮೇಲೆ ಬಿಡ್ಬೇಡಿ. ನರ ಹುಡುಕ್ತಾ ಹುಡುಕ್ತಾ ಮೂರು ನಿಮಿಷ ಆಯ್ತು ಅಂದ್ರೆ ಬಿಚ್ಚಿ, ಸ್ವಲ್ಪ ಬಿಟ್ಟು ಮತ್ತೆ ಕಟ್ಟಿ. ಮುಷ್ಟಿ ಹಿಡಿ ಬಿಡಿ ಹಿಡಿ ಬಿಡಿ ಅಂತ ಆಟ ಆಡಿಸ್ಬೇಡಿ, ಪೊಟ್ಯಾಸಿಯಂ ಏರುತ್ತೆ, ಒಂದ್ ಸಲ ಮುಷ್ಟಿ ಮಾಡಿ ಅಂದ್ರೆ ಸಾಕು. ಸ್ಪಿರಿಟ್ ಒರೆಸಿ ಒಣಗೋಕೆ ಬಿಡಿ, ಊದಬೇಡಿ. ಡ್ರಿಪ್ ಹೋಗ್ತಿರೋ ಕೈಯಿಂದ ಯಾವತ್ತೂ ತಗೋಬೇಡಿ, ನೀವು ರೋಗಿದಲ್ಲ ಬಾಟಲಿ ನೀರಿನ ಶುಗರ್ ನೋಡ್ತೀರಾ. ಸಿರಿಂಜ್‌ನಲ್ಲಿ ಎಳೆದ ರಕ್ತನ ಜೋರಾಗಿ ಟ್ಯೂಬ್‌ಗೆ ಒತ್ತಿದ್ರೆ ಕಣ ಒಡೆಯುತ್ತೆ, ಸೀರಂ, ಅಂದ್ರೆ ಮೇಲೆ ನಿಲ್ಲೋ ತಿಳಿ, ಕೋಕಂ ಶರಬತ್ತಿನ ಬಣ್ಣಕ್ಕೆ ಬಂದ್ರೆ ಅದು ವೇಸ್ಟ್, ಮತ್ತೆ ಚುಚ್ಚಬೇಕು.

ಟ್ಯೂಬ್ ಬಣ್ಣದ ಆರ್ಡರ್ ಬಾಯಿಪಾಠ ಮಾಡ್ಕೊಳ್ಳಿ: ಕಲ್ಚರ್ ಬಾಟ್ಲಿ ಮೊದಲು, ಆಮೇಲೆ ತಿಳಿನೀಲಿ, ಆಮೇಲೆ ಕೆಂಪು ಅಥವಾ ಹಳದಿ, ಹಸಿರು, ನೇರಳೆ, ಕೊನೆಗೆ ಬೂದು. ಯಾಕೆ ಈ ಆರ್ಡರ್ ಅಂತ ನಂಗೆ ಕಾಲೇಜಲ್ಲಿ ತಲೆಗೆ ಹೋಗಿರ್ಲಿಲ್ಲ, ನಮ್ಮ ದೊಡ್ಡಪ್ಪಂಗೆ ಆದ್ಮೇಲೆ ಹೋಯ್ತು. ಅವ್ರು ಮಂಡಿ ನೋವು ಅಂತ ಒಂದು ಆಸ್ಪತ್ರೆಗೆ ಹೋಗಿದ್ರು, ರುಟೀನ್ ರಕ್ತ ತಗೊಂಡ್ರು, ಸಾಯಂಕಾಲ ಫೋನ್ ಬಂತು, ಪೊಟ್ಯಾಸಿಯಂ 8.9, ತಕ್ಷಣ ಬನ್ನಿ ಐಸಿಯುಗೆ ಹಾಕ್ಬೇಕು ಅಂತ. ಮನೆಯೆಲ್ಲಾ ಅಳು. ನಾನು ಹೋಗಿ ನೋಡಿದ್ರೆ ದೊಡ್ಡಪ್ಪ ಜಗಲಿ ಮೇಲೆ ಕೂತು ಬೇಯಿಸಿದ ಕಡ್ಲೆಕಾಯಿ ಬಿಡಿಸ್ತಿದಾರೆ, "ಏನೇ ಇದು, ನಂಗೇನಾಗಿದೆ?" ಅಂತ ನನ್ನೇ ಕೇಳ್ತಾರೆ. ರಿಪೋರ್ಟಲ್ಲಿ ಕ್ಯಾಲ್ಸಿಯಂ ನೋಡಿದೆ, 4ರ ಹತ್ರ ಇತ್ತು. ಪೊಟ್ಯಾಸಿಯಂ ಆಕಾಶಕ್ಕೆ, ಕ್ಯಾಲ್ಸಿಯಂ ಪಾತಾಳಕ್ಕೆ, ಎರಡೂ ಒಟ್ಟಿಗೆ, ಮನುಷ್ಯ ಕಡ್ಲೆಕಾಯಿ ತಿಂತಿದಾನೆ. ನೇರಳೆ ಟ್ಯೂಬಲ್ಲಿ ಪೊಟ್ಯಾಸಿಯಂ ಇಡಿಟಿಎ ಇರುತ್ತೆ, ಅದು ರಕ್ತ ಹೆಪ್ಪುಗಟ್ಟದಂಗೆ ಮಾಡೋದೇ ಕ್ಯಾಲ್ಸಿಯಂನ ಹಿಡಿದಿಟ್ಕೊಂಡು, ಯಾರೋ ಪುಣ್ಯಾತ್ಮರು ಕೆಂಪು ಟ್ಯೂಬಲ್ಲಿ ರಕ್ತ ಸಾಲಲಿಲ್ಲ ಅಂತ ನೇರಳೆಯಿಂದ ಚೂರು ಸುರ್ಕೊಂಡಿದಾರೆ. ಮಾರನೇ ದಿನ ಬೇರೆ ಕಡೆ ಮತ್ತೆ ತೆಗೆಸಿದ್ವಿ, 4.3. ಆರ್ಡರ್ ತಪ್ಪಿ ನೇರಳೆದು ಸೂಜೀಲಿ ಚೂರು ಕೆಂಪಿಗೆ ಹೋದ್ರೂ ಇದೇ ಥರ ಕೆಡುತ್ತೆ. ಒಂದು ಟ್ಯೂಬಿಂದ ಇನ್ನೊಂದಕ್ಕೆ ಸುರಿಯೋದು ಅನ್ನೋ ಕೆಲಸನೇ ಇಲ್ಲ ಅಂತ ತಿಳ್ಕೊಳ್ಳಿ.

ಬೂದು ಮುಚ್ಚಳದ ಟ್ಯೂಬ್ ಶುಗರ್‌ಗೆ. ರಕ್ತಕಣಗಳು ಟ್ಯೂಬ್ ಒಳಗೂ ಬದುಕಿರ್ತವೆ, ಸಕ್ಕರೆ ತಿಂತಾನೇ ಇರ್ತವೆ, ರೂಮ್ ಟೆಂಪರೇಚರಲ್ಲಿ ಗಂಟೆಗೆ 5ರಿಂದ 7 ಪರ್ಸೆಂಟ್ ಇಳಿಯುತ್ತೆ. ಕೆಂಪು ಟ್ಯೂಬಲ್ಲಿ ತೆಗೆದು ಬೈಕಲ್ಲಿ ಮೂರು ಗಂಟೆ ಸುತ್ತಾಡಿಸಿದ್ರೆ 110 ಇದ್ದಿದ್ದು 90ರ ಹತ್ರಕ್ಕೆ ಬರುತ್ತೆ. ಬೂದು ಟ್ಯೂಬಲ್ಲಿರೋ ಫ್ಲೋರೈಡ್ ಇದನ್ನ ತಡೆಯುತ್ತೆ, ಆದ್ರೆ ಅದೂ ಕೆಲಸ ಶುರು ಮಾಡೋಕೆ ಒಂದೆರಡು ಗಂಟೆ ಬೇಕು, ಹಾಗಾಗಿ ಬೇಗ ತಲುಪಿಸೋದೇ ವಾಸಿ. ತಿಳಿನೀಲಿ ಟ್ಯೂಬ್‌ಗೆ ಗೆರೆ ತನಕ ತುಂಬಲೇಬೇಕು, ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಅಂತ ಅಳತೆ, ಅರ್ಧ ತುಂಬಿದ್ರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋ ಲೆಕ್ಕ) ಸುಳ್ಳೇ ಜಾಸ್ತಿ ಬರುತ್ತೆ. ಎಲ್ಲಾ ಟ್ಯೂಬನ್ನೂ ಮೆಲ್ಲಗೆ ಎಂಟ್ಹತ್ತು ಸಲ ಬೋರಲು ಮಾಡಿ ಎತ್ತಿ (ನೀಲಿಗೆ ಮೂರ್ನಾಕು ಸಲ ಸಾಕು), ಕೆಮ್ಮಿನ ಸಿರಪ್ ಥರ ಅಲ್ಲಾಡಿಸ್ಬೇಡಿ.

ಹೆಸರು ಬರೆಯೋದು ರಕ್ತ ತೆಗೆದ ಮೇಲೆ, ರೋಗಿ ಎದುರಿಗೇ. ಮೊದಲೇ ಹತ್ತು ಟ್ಯೂಬ್‌ಗೆ ಲೇಬಲ್ ಅಂಟಿಸಿಟ್ಕೊಂಡು ಕೂರೋ ಅಭ್ಯಾಸ ಬೇಡ. "ಮಂಜುಳಾ ನೀವೇನಾ?" ಅಂತ ಕೇಳ್ಬೇಡಿ, ಕಿವಿ ಕೇಳದ ಅಜ್ಜಿ ಯಾವುದಕ್ಕೂ ಹೂಂ ಅಂತಾರೆ, "ನಿಮ್ ಹೆಸರೇನಮ್ಮ, ವಯಸ್ಸೆಷ್ಟು, ಯಾವೂರು?" ಅಂತ ಅವರ ಬಾಯಲ್ಲೇ ಹೇಳಿಸಿ. ಲೇಬಲ್ ಟ್ಯೂಬ್ ಮೈಗೆ, ಮುಚ್ಚಳಕ್ಕಲ್ಲ, ಮುಚ್ಚಳ ಅದಲು ಬದಲಾಗುತ್ತೆ.

ಕಫ

ಟಿಬಿ ಟೆಸ್ಟ್‌ಗೆ ಎರಡು ಸ್ಯಾಂಪಲ್ ಕೇಳ್ತಾರೆ, ಒಂದು ಬಂದ ದಿನ ಅಲ್ಲೇ, ಇನ್ನೊಂದು ಬೆಳಿಗ್ಗೆ ಎದ್ದ ತಕ್ಷಣದ್ದು. ರಾತ್ರಿಯಿಡೀ ಶ್ವಾಸಕೋಶದಲ್ಲಿ ಕೂತಿರೋ ಕಫ ಬೆಳಿಗ್ಗೆ ಬರುತ್ತಲ್ಲ, ಅದ್ರಲ್ಲಿ ಕ್ರಿಮಿ ಸಿಗೋ ಸಾಧ್ಯತೆ ಜಾಸ್ತಿ. ಬೇಕಾಗಿರೋದು 2ರಿಂದ 5 ಎಂ.ಎಲ್, ಒಂದು ಟೀ ಚಮಚದಷ್ಟು.

ಒಬ್ಬರು ತಾತ ಬಂದಿದ್ರು, ಎಪ್ಪತ್ತರ ಮೇಲೆ. ಡಬ್ಬಿ ಕೊಟ್ಟು ಕಫ ಹಾಕ್ಕೊಂಡು ಬನ್ನಿ ಅಂದೆ, ಅರ್ಧ ನಿಮಿಷಕ್ಕೆ ಬಂದ್ರು, ನೋಡಿದ್ರೆ ಬೆಳ್ಳಗೆ ನೊರೆ ನೊರೆ ಎಂಜಲು, ಜೊತೆಗೆ ಎಲೆಅಡಿಕೆ ಚೂರು. "ತಾತ, ಇದು ಬಾಯಿಂದು, ನಂಗೆ ಎದೇದು ಬೇಕು" ಅಂದೆ. "ಎದೇದು ಅಂಗೆ ಕರೆದ್ರೆ ಬತ್ತದಾ ತಾಯಿ?" ಅಂದ್ರು. ಸರಿ ಅಂತ ಹೊರಗಡೆ ಕರ್ಕೊಂಡೋಗಿ ಬೇವಿನ ಮರದ ಕೆಳಗೆ ಗಾಳಿ ಆಡೋ ಕಡೆ ಕೂರಿಸಿದೆ, ಬಾಯಿ ಬರೀ ನೀರಲ್ಲಿ ಮುಕ್ಕಳಿಸಿ ಉಗಿಸಿದೆ. ಆಮೇಲೆ ನಾನು ದೂರ ನಿಂತು ಮಾಡಿ ತೋರ್ಸಿದೆ: ಉಸಿರು ಪೂರ್ತಿ ಎಳ್ಕೊಳ್ಳಿ, ಎರಡು ಸೆಕೆಂಡ್ ಹಿಡೀರಿ, ಬಿಡಿ, ಹಿಂಗೇ ಮೂರು ಸಲ, ಮೂರನೇ ಸಲ ಬಿಡೋವಾಗ ಹೊಟ್ಟೆಯಿಂದ ಕೆಮ್ಮಿ. ಎರಡನೇ ಸುತ್ತಿಗೆ ಗಟ್ಟಿಯಾಗಿ ಹಳದಿ ಬಣ್ಣದ್ದು ಬಂತು. ಟ್ರೂನಾಟ್ ಅನ್ನೋ ಟಿಬಿ ಟೆಸ್ಟಲ್ಲಿ ಪಾಸಿಟಿವ್. ಆ ಮೊದಲನೇ ಎಂಜಲನ್ನೇ ಕಳಿಸಿದ್ರೆ ನೆಗೆಟಿವ್ ಬರೋ ಸಾಧ್ಯತೆನೇ ಜಾಸ್ತಿ, ತಾತ ಇನ್ನೂ ಆರು ತಿಂಗಳು ಮೊಮ್ಮಕ್ಕಳ ಪಕ್ಕ ಮಲಗಿ ಕೆಮ್ತಿದ್ರು.

ಹಾಗಾಗಿ ಕಫನ ಟಾಯ್ಲೆಟ್ ಒಳಗೆ, ಬಾಗಿಲು ಹಾಕಿದ ರೂಮಲ್ಲಿ ಯಾವತ್ತೂ ತೆಗೆಸ್ಬೇಡಿ, ಬಯಲಲ್ಲಿ ತೆಗೆಸಿ, ಎದುರಿಗೆ ನಿಲ್ಬೇಡಿ, ಗಾಳಿ ಯಾವ ಕಡೆಗೆ ಬೀಸ್ತಿದೆ ನೋಡ್ಕೊಂಡು ನಿಂತ್ಕೊಳ್ಳಿ.

ಮೋಷನ್ ಟೆಸ್ಟ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಟಾಯ್ಲೆಟ್ ನೀರಿಗೆ ಬೀಳದಂಗೆ ಪೇಪರ್ ಹಾಸಿ ಹಿಡೀರಿ, ಯೂರಿನ್ ಬೆರೀಬಾರ್ದು, ಅಡಿಕೆ ಗಾತ್ರದಷ್ಟು ಸಾಕು, ರಕ್ತನೋ ಲೋಳೆನೋ ಇದ್ರೆ ಆ ಭಾಗದಿಂದಾನೇ ತಗೊಳ್ಳಿ. ಹುಳದ ಮೊಟ್ಟೆ ನೋಡೋಕೆ ಅಂದ್ರೆ ಒಂದು ದಿನ ಬಿಟ್ಟು ಒಂದು ದಿನ ಮೂರು ಸಲ ಕೇಳ್ತಾರೆ, ಅದು ದುಡ್ಡು ಮಾಡೋಕಲ್ಲ, ಹುಳ ದಿನಾ ಮೊಟ್ಟೆ ಹಾಕಿ ಕಳ್ಸಲ್ಲ.

ಬೆರಳು ಚುಚ್ಚೋದು

ಇಲ್ಲಿಂದ ವಿಷಯ ದೊಡ್ಡದಾಗುತ್ತೆ. ಹಳ್ಳಿ ಕ್ಯಾಂಪಲ್ಲಿ ಹಿಮೋಗ್ಲೋಬಿನ್ ನೋಡೋಕೆ ಬೆರಳು ಚುಚ್ತೀವಲ್ಲ, ನಡುಬೆರಳು ಇಲ್ಲಾ ಉಂಗುರಬೆರಳು ತಗೊಳ್ಳಿ, ತುದಿಯ ಮಧ್ಯ ಬೇಡ, ಪಕ್ಕಕ್ಕೆ ಚುಚ್ಚಿ, ಅಲ್ಲಿ ನೋವು ಕಮ್ಮಿ. ಚಳಿಗೆ ಕೈ ತಣ್ಣಗಿದ್ರೆ ಮೊದಲು ಉಜ್ಜಿ ಬೆಚ್ಚಗೆ ಮಾಡಿಸಿ. ಚುಚ್ಚಿದ ಮೇಲೆ ಮೊದಲ ಎರಡು ಹನಿನ ಒಣ ಹತ್ತೀಲಿ ಒರೆಸಿಬಿಡಿ, ಮೂರನೇದು ತಾನಾಗೇ ಉಬ್ಬಿ ಬರಲಿ, ಅದನ್ನ ಕ್ಯುವೆಟ್‌ಗೆ (ಮಷೀನ್ ಒಳಗೆ ಇಡೋ ಪುಟ್ಟ ರಕ್ತದ ಚೂರಿನಂಥ ಡಬ್ಬಿ) ಒಂದೇ ಸಲಕ್ಕೆ ಎಳೀಬೇಕು, ಗಾಳಿಗುಳ್ಳೆ ಇದ್ರೆ ಆ ಕ್ಯುವೆಟ್ ಎಸೆದು ಹೊಸದು ತಗೊಳ್ಳಿ, ಅದ್ರ ಮೇಲೇ ಇನ್ನೊಂದು ಹನಿ ಸೇರಿಸೋ ಜಾಣತನ ಬೇಡ. ಎಲ್ಲಕ್ಕಿಂತ ಮುಖ್ಯ, ಹಸು ಹಾಲು ಕರೆದಂಗೆ ಬೆರಳನ್ನ ಹಿಂಡಬೇಡಿ. ಹಿಂಡಿದ್ರೆ ಚರ್ಮದಡಿ ಇರೋ ನೀರೂ ರಕ್ತಕ್ಕೆ ಬೆರೆಯುತ್ತೆ, ಹಿಮೋಗ್ಲೋಬಿನ್ ಇಳಿಯುತ್ತೆ.

(ಮನೇಲಿ ಗ್ಲೂಕೋಮೀಟರ್ ಇರೋರು ಕೈ ತೊಳ್ದು ಒರೆಸ್ಕೊಂಡು ಚುಚ್ಕೊಳ್ಳಿ. ಮಾವಿನಹಣ್ಣು ಹೆಚ್ಚಿದ ಕೈಯಲ್ಲೇ ಚುಚ್ಕೊಂಡು 380 ಬಂತು ಅಂತ ರಾತ್ರಿ ಹತ್ತಕ್ಕೆ ನಂಗೆ ಫೋನ್ ಮಾಡಿದೋರು ನಮ್ಮ ಅತ್ತೆನೇ.)

ಗರ್ಭಿಣಿ ಅಲ್ಲದ ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಮ್ಮಿ ಇದ್ರೆ ರಕ್ತಹೀನತೆ ಅಂತ ಲೆಕ್ಕ. ಒಬ್ಬಾಕೆದು ನಿಜವಾಗಿ 12.3 ಇದೆ ಅನ್ಕೊಳ್ಳಿ, ಹಿಂಡಿದ್ದಕ್ಕೆ 11.7 ಬಂತು, ಆಕೆಗೆ ಹೆಚ್ಚೇನೂ ತೊಂದರೆ ಇಲ್ಲ, ಎರಡು ತಿಂಗಳು ಕಬ್ಬಿಣದ ಮಾತ್ರೆ ನುಂಗ್ತಾಳೆ. ಆದ್ರೆ ಸಾವಿರಾರು ಹಳ್ಳೀಲಿ ಸಾವಿರಾರು ಜನ ಹಂಗೇ ಹಿಂಡಿದ್ರೆ ದೇಶದ ಲೆಕ್ಕನೇ ಓಲಾಡುತ್ತೆ. ಎನ್‌ಎಫ್‌ಎಚ್‌ಎಸ್-5, ಅಂದ್ರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸರ್ವೇಲಿ, 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57 ಪರ್ಸೆಂಟ್ ರಕ್ತಹೀನತೆ ಅಂತ ಬಂತು, ಅದಕ್ಕೂ ಹಿಂದಿನದ್ರಲ್ಲಿ 53 ಇತ್ತು. ಅದನ್ನ ನೋಡಿದ್ದು ಬೆರಳಿನ ರಕ್ತದಲ್ಲಿ. ಬೆರಳಿನ ರಕ್ತಕ್ಕೂ ತೋಳಿನ ನರದ ರಕ್ತಕ್ಕೂ ಉತ್ತರ ಒಂದೇ ಬರಲ್ಲ ಅಂತ ದೊಡ್ಡ ಚರ್ಚೆನೇ ಆಯ್ತು, ಆಮೇಲೆ ನರದಿಂದ ರಕ್ತ ತೆಗೆಯೋ ಬೇರೆ ಸರ್ವೇ ಮಾಡೋಣ ಅಂತ ಹೊರಟ್ರು. ರಕ್ತಹೀನತೆ ಸುಳ್ಳು ಅಂತ ನಾನು ಹೇಳ್ತಿಲ್ಲ, ಹಳ್ಳೀಲಿ ಕಣ್ಣಿನ ರೆಪ್ಪೆ ಎಳೆದು ನೋಡಿದ್ರೇ ಗೊತ್ತಾಗುತ್ತೆ. ಆದ್ರೆ ಇನ್ನೊಂದು ಹನಿ ಬೇಕು ಅಂತ ಬೆರಳು ಒತ್ತೋವಾಗ ಒತ್ತುತಿರೋದು ಯಾವ ಲೆಕ್ಕನ ಅಂತ ಜ್ಞಾಪಕ ಇರ್ಲಿ.

ಯಾರ ಮನೆಗೆ ಹೋಗ್ಬೇಕು

ಅನ್ನ ಬೆಂದಿದ್ಯಾ ಅಂತ ನೋಡೋಕೆ ಒಂದು ಅಗುಳು ಹಿಸುಕಿದ್ರೆ ಸಾಕು ಅಂತೀವಲ್ಲ, ಸರ್ವೇ ಹುಡುಗ್ರು ಇದನ್ನೇ ಹೇಳ್ಕೊಂಡು ಮೊದಲು ಸಿಕ್ಕಿದ ಐವತ್ತು ಮನೆ ಮಾಡ್ಕೊಂಡು ಬರ್ತಾರೆ. ಊರು ಅನ್ನದ ಪಾತ್ರೆ ಅಲ್ಲ ಕಣ್ರಪ್ಪಾ, ಯಾರೂ ಸೌಟು ಹಾಕಿ ತಿರುವಿಲ್ಲ. ಬಸ್ ನಿಲ್ಲೋ ಕಡೆ ಇರೋದು ಒಂದು ಥರ ಜನ, ಕೆರೆ ಆಚೆ ಕೇರೀಲಿ ಇರೋದು ಇನ್ನೊಂದು ಥರ, ತೋಟದ ಮನೆಗಳಿಗಂತೂ ಯಾರೂ ಹೋಗೋದೇ ಇಲ್ಲ. ಬೆಳಿಗ್ಗೆ 11ಕ್ಕೆ ಹೋದ್ರೆ ಮನೇಲಿ ಸಿಗೋದು ವಯಸ್ಸಾದೋರು, ಬಾಣಂತಿ, ಕಾಯಿಲೆಯೋರು, ಕೂಲಿಗೆ ಹೋದೋರು ನಿಮ್ಮ ಲೆಕ್ಕಕ್ಕೆ ಬರೋದೇ ಇಲ್ಲ, ಆಮೇಲೆ "ಈ ಊರಲ್ಲಿ ಬಿಪಿ ಜಾಸ್ತಿ" ಅಂತ ಪ್ರಾಜೆಕ್ಟ್ ಬರೀತೀರಾ.

ಆಸ್ಪತ್ರೆ ಬಾಗಿಲಲ್ಲಿ ನಿಂತು ಎಣಿಸೋದೂ ಇದೇ ತಪ್ಪು. ಬೆಂಗಳೂರಲ್ಲಿ 1959ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವ್ರು 1960ರ ಸುಮಾರಿಗೆ ತುಮಕೂರು ಜಿಲ್ಲೆ ಹಳ್ಳಿಗಳಿಗೇ ಹೋಗಿ ಟಿಬಿ ಸರ್ವೇ ಮಾಡಿದ್ರು. ಹಳ್ಳಿ ಜನ ಕಾಯಿಲೆ ಮುಚ್ಚಿಟ್ಕೊಂಡು ಮನೇಲೇ ಇರ್ತಾರೆ ಅನ್ನೋ ನಂಬಿಕೆ ಇತ್ತಲ್ಲ, ಮನೆಗೆ ಹೋಗಿ ಕೇಳಿದ್ರೆ ಕಫದಲ್ಲಿ ಕ್ರಿಮಿ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆ ಮೆಟ್ಟಿಲು ಹತ್ತಿ ಕೆಮ್ಮಿನ ಔಷಧಿ ಇಸ್ಕೊಂಡು ವಾಪಸ್ ಬಂದಿದ್ರು. ಆಸ್ಪತ್ರೆ ರಿಜಿಸ್ಟರ್ ನೋಡ್ಕೊಂಡು ಕೂತಿದ್ರೆ ಇವರೆಲ್ಲ ಬರೀ ಕೆಮ್ಮು ಅಂತಲೇ ಉಳೀತಿದ್ರು.

ಹಾಗಾದ್ರೆ ಹೇಗೆ ಆರಿಸೋದು. ಎಷ್ಟು ಜನ ಬೇಕು ಅನ್ನೋದಕ್ಕೆ ಮೆಡಿಕಲ್ ಕಾಲೇಜಲ್ಲಿ ಎಲ್ಲರೂ ಬಳಸೋ ಸೂತ್ರ ನಾಕು ಪಿ ಕ್ಯೂ ಭಾಗಿಸು ಎಲ್ ಸ್ಕ್ವೇರ್. ಪಿ ಅಂದ್ರೆ ನೂರಕ್ಕೆ ಎಷ್ಟು ಜನಕ್ಕೆ ಇರಬಹುದು ಅನ್ನೋ ಅಂದಾಜು, ಕ್ಯೂ ಅಂದ್ರೆ ನೂರರಲ್ಲಿ ಉಳಿದೋರು, ಎಲ್ ಅಂದ್ರೆ ಎಷ್ಟು ಆಚೀಚೆ ಆದ್ರೂ ಪರವಾಗಿಲ್ಲ ಅನ್ನೋದು. ಏನೂ ಅಂದಾಜಿಲ್ಲ ಅಂದ್ರೆ ಪಿ 50, ಕ್ಯೂ 50, ಐದು ಪರ್ಸೆಂಟ್ ಆಚೀಚೆ ಪರವಾಗಿಲ್ಲ ಅಂದ್ರೆ ಎಲ್ 5, ಗುಣಿಸಿ ಭಾಗಿಸಿದ್ರೆ 400. ಹತ್ತು ಪರ್ಸೆಂಟ್ ಆಚೀಚೆ ಸಾಕು ಅಂದ್ರೆ 100. ತಪ್ಪನ್ನ ಅರ್ಧ ಮಾಡೋಕೆ ಜನ ನಾಕು ಪಟ್ಟು ಬೇಕು ಅಂತ ಆಯ್ತು. ತಾಲ್ಲೂಕಿಗೂ 400, ರಾಜ್ಯಕ್ಕೂ ಹೆಚ್ಚುಕಮ್ಮಿ 400 ಅಂದ್ರೆ ಯಾರೂ ನಂಬಲ್ಲ, ಆದ್ರೆ ನಿಜ, ಊರಿನ ಗಾತ್ರಕ್ಕಿಂತ ಆರಿಸೋ ರೀತಿ ಮುಖ್ಯ.

ಲಸಿಕೆ ಸರ್ವೇಗೆ ಡಬ್ಲ್ಯುಎಚ್‌ಒ ಒಂದು ಹಳೇ ವಿಧಾನ ಮಾಡಿತ್ತು, 30 ಊರು, ಊರಿಗೆ 7 ಮಕ್ಕಳು, ಒಟ್ಟು 210. ಊರು ಆರಿಸೋದು ಹೀಗೆ: ತಾಲ್ಲೂಕಿನ ಎಲ್ಲಾ ಊರನ್ನ ಸಾಲಾಗಿ ಬರೀರಿ, ಪಕ್ಕದಲ್ಲಿ ಜನಸಂಖ್ಯೆ, ಅದ್ರ ಪಕ್ಕ ಕೂಡಿಸ್ತಾ ಹೋಗಿ. ಒಟ್ಟು 90,000 ಬಂತು ಅಂದ್ರೆ 30ರಿಂದ ಭಾಗಿಸಿ, 3,000. ಈಗ ಜೇಬಿಂದ ಒಂದು ನೋಟು ತೆಗೀರಿ, ನಂಬರಿನ ಕೊನೇ ನಾಕು ಅಂಕಿ ನೋಡಿ, 3,000 ಮೀರಿದ್ರೆ ಬೇರೆ ನೋಟು. 1742 ಸಿಕ್ತು ಅನ್ಕೊಳ್ಳಿ. ಮೊದಲನೇ ಊರು 1,200, ಎರಡನೇದು 900 ಸೇರಿ 2,100, ಅಂದ್ರೆ 1742 ಎರಡನೇ ಊರಲ್ಲಿ ಬಿತ್ತು, ಅದು ನಿಮ್ಮ ಮೊದಲ ಊರು. ಅದಕ್ಕೆ 3,000 ಸೇರಿಸಿ 4742 ಎಲ್ಲಿ ಬೀಳುತ್ತೆ ನೋಡಿ, ಹೀಗೇ 30 ಸಲ. ದೊಡ್ಡ ಊರು ಎರಡು ಮೂರು ಸಲ ಬರುತ್ತೆ, ಬರಲಿ, ಅದೇ ನ್ಯಾಯ. ನೋಟಿನ ನಂಬರ್ ಯಾಕೆ, ಮನಸ್ಸಿಗೆ ಬಂದ ನಂಬರ್ ಹೇಳಿದ್ರೆ ಸಾಲ್ದಾ ಅಂದ್ರೆ ಸಾಲ್ದು, ಮನಸ್ಸಿಗೆ ಟಾರ್ ರೋಡ್ ಇರೋ ಊರೇ ಬರುತ್ತೆ.

ಊರೊಳಗೆ ಮುಂಚೆ ಮಧ್ಯದಲ್ಲಿ ಪೆನ್ನು ತಿರುಗಿಸಿ ಅದು ತೋರಿಸಿದ ದಿಕ್ಕಿಗೆ ಹೋಗ್ತಿದ್ರು, ಅದು ನಂಗೆ ಇಷ್ಟ ಇಲ್ಲ, ಮಧ್ಯದ ಮನೆಗಳೇ ಜಾಸ್ತಿ ಸಿಗ್ತವೆ. ಆಶಾ ಕಾರ್ಯಕರ್ತೆ ಹತ್ರ ಮನೆಪಟ್ಟಿ ಇರುತ್ತೆ, ಅದನ್ನ ಇಸ್ಕೊಂಡು ಬಿಟ್ಟುಹೋದ ಮನೆ ಸೇರಿಸಿ, 240 ಮನೆ ಇದ್ದು 20 ಬೇಕು ಅಂದ್ರೆ ಹನ್ನೆರಡಕ್ಕೊಂದು, ಮೊದಲನೇದನ್ನ ಮತ್ತೆ ನೋಟಿನ ನಂಬರಿಂದ.

ಗೆರೆ ಮೇಲೆ ಬಂದಾಗಲೂ ನಿಯಮ ಮೊದಲೇ ಮಾಡ್ಕೊಂಡಿರಿ. ಬೆಳೆ ಕಟಾವು ಪ್ರಯೋಗ ನೋಡಿದೀರಲ್ಲ, ಭತ್ತದ ಗದ್ದೇಲಿ 5 ಮೀಟರ್‌ಗೆ 5 ಮೀಟರ್ ಹಗ್ಗ ಹಿಡಿದು ಕುಯ್ದು ತೂಕ ಮಾಡ್ತಾರೆ, ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಕಾಲದಲ್ಲಿ ತುಂಬಾ ಚಿಕ್ಕ ಚಿಕ್ಕ ತುಂಡು ಕುಯ್ದಾಗ ಇಳುವರಿ ಇರೋದಕ್ಕಿಂತ ಜಾಸ್ತಿ ಬರ್ತಿತ್ತು, ಯಾಕಂದ್ರೆ ಹಗ್ಗದ ಮೇಲೆ ನಿಂತ ಪೈರನ್ನ ಕುಯ್ಯೋನು ಒಳಗೇ ಸೇರಿಸ್ಕೋತಿದ್ದ. ತುಂಡು ಚಿಕ್ಕದಾದಷ್ಟೂ ಅಂಚು ಜಾಸ್ತಿ. ಮಗು 12 ತಿಂಗಳಿಗೆ ಎರಡು ದಿನ ಕಮ್ಮಿ ಇದೆ, ಸೇರಿಸ್ಲಾ ಬೇಡ್ವಾ ಅನ್ನೋದೂ ಅದೇ ಹಗ್ಗದ ಮೇಲಿನ ಪೈರು, ಲಸಿಕೆ ಕಾರ್ಡ್ ಕೈಗೆ ಬರೋ ಮುಂಚೆನೇ ತೀರ್ಮಾನ ಆಗಿರ್ಬೇಕು.

ಒಬ್ಬೊಬ್ಬರ ಸ್ಯಾಂಪಲ್ಲೂ ಬೇರೆ ಬೇರೆ ಟೆಸ್ಟ್ ಮಾಡೋಕೆ ಕಿಟ್ ಸಾಲದಿದ್ರೆ ಬೆರೆಸಿ ಮಾಡೋ ದಾರಿನೂ ಇದೆ. 1943ರಲ್ಲಿ ರಾಬರ್ಟ್ ಡಾರ್ಫ್‌ಮನ್ ಅನ್ನೋರು ಅಮೆರಿಕದ ಸೈನ್ಯಕ್ಕೆ ಸೇರೋರ ಸಿಫಿಲಿಸ್ ಟೆಸ್ಟ್‌ಗೆ ಅಂತ ಹೇಳಿದ್ದು, 2020ರ ಏಪ್ರಿಲ್‌ನಲ್ಲಿ ಐಸಿಎಂಆರ್, ಅಂದ್ರೆ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ, ಕೋವಿಡ್‌ಗೆ ಐದು ಸ್ವಾಬ್ ತನಕ ಬೆರೆಸಬಹುದು ಅಂತು. ನೂರು ಜನ ಇದ್ರೆ ಐದೈದರ 20 ಗುಂಪು, ಪಾಸಿಟಿವ್ ಬಂದ ಗುಂಪಿನೋರಿಗೆ ಮಾತ್ರ ಮತ್ತೆ ಒಬ್ಬೊಬ್ಬರಿಗೆ. ನೂರಕ್ಕೆ ಒಬ್ಬರಿಗೆ ಸೋಂಕಿದ್ರೆ ಒಟ್ಟು 25 ಟೆಸ್ಟಲ್ಲಿ ಮುಗಿಯುತ್ತೆ. ನೂರಕ್ಕೆ ಇಪ್ಪತ್ತು ಜನಕ್ಕಿದ್ರೆ 87 ಬೇಕಾಗುತ್ತೆ, ಅಷ್ಟಕ್ಕೆ ಬೆರೆಸೋ ತಲೆನೋವೇ ಬೇಡ. ಒಂದು ಷರತ್ತು, ಬೆರೆಸೋದು ಲ್ಯಾಬಲ್ಲಿ, ಪ್ರತಿಯೊಬ್ಬರದ್ದೂ ಸ್ವಲ್ಪ ಬೇರೆ ಎತ್ತಿಟ್ಟು.

ಹೊರಡೋವಾಗ ಲಸಿಕೆ ಡಬ್ಬಿ ಥರದ ಐಸ್ ಬಾಕ್ಸ್ ತಗೊಂಡೋಗಿ, 2ರಿಂದ 8 ಡಿಗ್ರಿ ಇರ್ಬೇಕು, ಟ್ಯೂಬ್ ಐಸ್‌ಗೆ ನೇರ ತಾಗ್ಬಾರ್ದು, ಮಧ್ಯ ಬಟ್ಟೆ ಇಡಿ, ಹೆಪ್ಪುಗಟ್ಟಿದ್ರೆ ಕಣ ಎಲ್ಲ ಒಡೆದು ಇಡೀ ದಿನದ ಕೆಲಸ ಹೋಯ್ತು. ಚುಚ್ಚೋ ಮುಂಚೆ ಯಾಕೆ ತಗೋತಿದೀವಿ, ಯಾರಿಗೆ ಗೊತ್ತಾಗುತ್ತೆ, ಬೇಡ ಅಂದ್ರೂ ಮಾತ್ರೆ ಸಿಗೋದು ನಿಲ್ಲಲ್ಲ ಅಂತ ಅವರ ಭಾಷೇಲೇ ಹೇಳಿ, ಒಪ್ಪದಿದ್ರೆ ಬಿಡಿ. ಹಿಮೋಗ್ಲೋಬಿನ್ 7 ಬಂದಿರೋ ಹೆಂಗಸಿಗೆ ಫಾರಂ ತುಂಬ್ಕೊಂಡು ಎದ್ದು ಬರ್ಬೇಡಿ, ಚೀಟಿ ಬರ್ದು ಪಿಎಚ್‌ಸಿಗೆ ಕಳ್ಸಿ.

ಬೀಗ ಹಾಕಿರೋ ಮನೆ ಸಿಗುತ್ತೆ, ಸಿಕ್ಕೇ ಸಿಗುತ್ತೆ. ಪಕ್ಕದ ಮನೆಗೆ ಹೋಗ್ಬೇಡಿ. ಪಕ್ಕದ ಮನೆಯೋರು ಮನೇಲಿದಾರೆ ಅನ್ನೋದೇ ಅವರು ಬೇರೆ ಥರದೋರು ಅನ್ನೋದಕ್ಕೆ ಸಾಕ್ಷಿ. ಬೆಳಿಗ್ಗೆ 7ಕ್ಕೆ ಒಂದ್ ಸಲ, ಸಂಜೆ 7ಕ್ಕೆ ಒಂದ್ ಸಲ, ಭಾನುವಾರ ಒಂದ್ ಸಲ ಹೋಗಿ. ಮೂರು ಸಲವೂ ಬೀಗ ಇದ್ರೆ ಆ ನಂಬರಿನ ಮುಂದೆ ಬೀಗ ಅಂತಲೇ ಬರ್ದು, ಮೂರು ಸಲ ಹೋದ ತಾರೀಖು ಟೈಮೂ ಹಾಕಿ, ಪಟ್ಟೀಲಿ ಆರಿಸಿರೋ ಮುಂದಿನ ಮನೆಗೆ ಹೋಗಿ.